ಉಳಿದದ್ದು ಯಾರ ತಲೆಗೆ?

ಅವರು ತೀರಿಕೊಂಡ ಸುದ್ದಿ ನಮ್ಮ ವಾಟ್ಸಾಪ್ ಗ್ರೂಪಿಗೆ ಬಂದದ್ದು ಒಂದು ಗುರುವಾರ, ನಾನು ಕ್ಲಿನಿಕ್ಕಿನ ಕೆಲಸ ಮುಗಿಸಿ ಹೊರಡುವ ಹೊತ್ತಿಗೆ. ಕೈಮುಗಿದ ಚಿತ್ರಗಳು, ಮೇಣದಬತ್ತಿಗಳು, ‘ಆತ್ಮಕ್ಕೆ ಶಾಂತಿ ಸಿಗಲಿ’ಗಳು ಒಂದರ ಕೆಳಗೊಂದು ಇಳಿಯುತ್ತಿದ್ದವು. ನಡುವೆ ಒಬ್ಬ ಮಹಾನುಭಾವ ಬರೆದಿದ್ದ: “ಅಂಕಲ್ ಹತ್ರ ನನ್ನದೊಂದು ಫ್ಲಾಟಿನ ವಿಷಯ ಕೇಳ್ಲಿಕ್ಕಿತ್ತು. ಇನ್ನು ಯಾರನ್ನು ಕೇಳೂದು?” ಉಳಿದವರು ಅವನನ್ನು ಹಿಗ್ಗಾಮುಗ್ಗಾ ಬೈದರು. ನನಗೆ ಮೊದಲು ನಗು ಬಂತು, ನಕ್ಕು ಮುಗಿಯುವಷ್ಟರಲ್ಲಿ ಅಳು ಬಂತು. ಅವರಿದ್ದಿದ್ದರೆ ಬೈಯುತ್ತಿರಲಿಲ್ಲ. ‘ಶುಕ್ರವಾರ ಬಾ, ಹೆಂಡತಿಯನ್ನು ಕರಕೊಂಡು ಬಾ’ ಎನ್ನುತ್ತಿದ್ದರು.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ದೋಹಾದಲ್ಲಿ ಅರ್ಧ ಜನಕ್ಕೆ ಗೊತ್ತಾಗುವುದಿಲ್ಲ, ಎಲ್ಲರಿಗೂ ಅವರು ಬರೀ ಅಂಕಲ್. ಮಂಗಳೂರು ಕಡೆಯ ಕ್ಯಾಥೊಲಿಕ್ಕರು. ದುಖಾನ್‌ನಲ್ಲಿ ಎಣ್ಣೆ ಕಂಪನಿಯ ಆಫೀಸಿನಲ್ಲಿ ಕೆಲಸ, ಕಂಪನಿಯದ್ದೇ ಕ್ವಾರ್ಟರ್ಸ್. ವಾರವಿಡೀ ಆ ಪಶ್ಚಿಮದ ಮರಳಿನ ಮೂಲೆಯಲ್ಲಿದ್ದು ಗುರುವಾರ ಸಂಜೆ ಕಾರು ಹತ್ತಿ ದೋಹಾಕ್ಕೆ ಬರುತ್ತಿದ್ದರು. ದೋಹಾ ಅಲ್ ಜದೀದಾ ಎಂಬ ಬಡಾವಣೆಯಲ್ಲಿ ಅವರ ಭಾವನ ಮನೆಯಿತ್ತು, ಅಲ್ಲಿ ಉಳಿಯುತ್ತಿದ್ದರು. ಶುಕ್ರವಾರ ಬೆಳಿಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿಕೊಂಡು ಬಂದು, ಬಿನ್ ಮಹಮೂದ್‌ನ ಒಂದು ಕರಕ್ ಚಹಾದಂಗಡಿಯ ಎದುರು ಕಾರು ನಿಲ್ಲಿಸಿ ಕೂತರೆಂದರೆ ಅದೇ ಅವರ ಆಫೀಸು.

ಊರಿನಲ್ಲಿ ಮನೆ, ಸೈಟು, ಫ್ಲಾಟು ಕೊಳ್ಳುವ ಆಸೆ ಹುಟ್ಟಿದ ನಮ್ಮ ಕಡೆಯ ಹೊಸಬರೆಲ್ಲ ಆ ಕಾರಿನ ಬಾಗಿಲು ತಟ್ಟಿದವರೇ. ಫೀಸು ಇಲ್ಲ, ಆದರೆ ಚಹಾದ ದುಡ್ಡು ಬಂದವರೇ ಕೊಡಬೇಕು. ಎಂಜಿನ್ ಆರಿಸುವಂತಿಲ್ಲ, ಆರಿಸಿದರೆ ಆ ಸೆಕೆಯಲ್ಲಿ ಬೆಂದು ಹೋಗುತ್ತೇವೆ. ಹಾಗಾಗಿ ಮಾತು ಎಳೆದವರಿಗೆ, “ಪೆಟ್ರೋಲ್ ಉರೀತಾ ಉಂಟು ಮಾರಾಯ, ನಿನ್ನ ಅಜ್ಜನ ಕತೆ ಬಿಟ್ಟು ವಿಷಯಕ್ಕೆ ಬಾ,” ಎನ್ನುತ್ತಿದ್ದರು. ಮಹಾ ಜಿಪುಣ. ಅಂಗಡಿಯವನು ಚಹಾದ ಜೊತೆ ಕೊಟ್ಟ ಟಿಶ್ಯೂ ಕಾಗದವನ್ನು ಮಡಚಿ ಡ್ಯಾಶ್‌ಬೋರ್ಡಿನೊಳಗೆ ಇಟ್ಟುಕೊಳ್ಳುತ್ತಿದ್ದರು.

ಗಂಡ ಹೆಂಡತಿ ಇಬ್ಬರೂ ಬರಬೇಕು ಎಂಬುದು ಅವರ ಕಾನೂನು. ಹೆಂಡತಿ ಮುಂದಿನ ಸೀಟು, ಗಂಡ ಹಿಂದೆ. ಮೊದಲ ಸಲ ನನ್ನ ಗಂಡ ಅಭ್ಯಾಸಬಲದಿಂದ ಮುಂದೆ ಕೂತುಬಿಟ್ಟಿದ್ದರು. ಅಂಕಲ್ ಕನ್ನಡಕದ ಮೇಲಿಂದ ನೋಡಿ, “ಆ ಮನೆಯಲ್ಲಿ ಹೆಚ್ಚು ಹೊತ್ತು ಇರೂದು ಯಾರು? ನೀನಾ?” ಎಂದು ಕೇಳಿ ಇಳಿಸಿದರು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಅಲ್ಲಿಯೇ.

ಊರಿನ ಬಿಲ್ಡರುಗಳು ಆಗಾಗ ದೋಹಾಕ್ಕೆ ಬಂದು ದೊಡ್ಡ ಹೋಟೆಲಿನಲ್ಲಿ ಫ್ಲಾಟ್ ಮೇಳ ಮಾಡುತ್ತಾರೆ. ಒಳಗೆ ತಂಪು, ಬಾಗಿಲಲ್ಲಿ ಗುಲಾಬಿ, ಕೈಗೊಂದು ಬಣ್ಣದ ಚೀಲ. ಚೀಲ ಹಿಡಿದು ನೇರ ಅಂಕಲ್ ಕಾರಿಗೆ ಬಂದವರನ್ನು ನಾನೇ ಕಂಡಿದ್ದೇನೆ. “ಚೀಲ ಗಟ್ಟಿ ಉಂಟು, ಮೀನು ತರ್ಲಿಕ್ಕೆ ಆಗ್ತದೆ. ಈಗ ಒಳಗಿನ ಕಾಗದ ತೆಗಿ,” ಎನ್ನುತ್ತಿದ್ದರು. ‘ಕೀಲಿ ಕೈಗೆ ಬರುವವರೆಗೆ ಕಂತು ಕಟ್ಟಬೇಡಿ, ಬಡ್ಡಿ ನಾವು ಕಟ್ಟುತ್ತೇವೆ’ ಎಂಬ ಆಮಿಷ ಕಂಡರೆ ಅವರದ್ದು ಒಂದೇ ಪ್ರಶ್ನೆ: “ಈ ಬಿಲ್ಡರ್ ನಿನಗೆ ಮಾವ ಆಗ್ಬೇಕಾ?” ಸಾಲ ನಿನ್ನ ಹೆಸರಿನಲ್ಲಿ, ಅವನು ಬಡ್ಡಿ ನಿಲ್ಲಿಸಿದ ದಿನ ಬ್ಯಾಂಕು ಹುಡುಕುವುದು ನಿನ್ನನ್ನು, ಎಂದು ಬಿಡಿಸಿ ಹೇಳುತ್ತಿದ್ದರು. ಸಾಲ ಮಾಡಲೇಬೇಡಿ ಎನ್ನುವ ಜಾತಿಯ ಹಿರಿಯರಲ್ಲ ಅವರು. ಸ್ವತಃ ಅವರೇ, ಕಷ್ಟಕ್ಕೆ ಬಿದ್ದವರ ಫ್ಲಾಟುಗಳನ್ನು ಕಡಿಮೆ ಬೆಲೆಗೆ ಕೊಂಡು, ಬಾಡಿಗೆಗೆ ಬಿಟ್ಟು, ಮಾರಿ, ಚೆನ್ನಾಗಿಯೇ ದುಡ್ಡು ಮಾಡಿದವರು. ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ.

ಅವರಿಗೆ ಸಿಟ್ಟು ತರಿಸುತ್ತಿದ್ದದ್ದು ಗ್ರಾಚ್ಯುಟಿಯ ಲೆಕ್ಕ. ಗಲ್ಫಿನಲ್ಲಿ ಕೆಲಸ ಬಿಡುವಾಗ ಕಂಪನಿ ಕೊಡುವ ಆ ಗಂಟನ್ನು ನಮ್ಮವರು ಎರಡೆರಡು ಸಲ ಖರ್ಚು ಮಾಡುತ್ತಾರೆ. ಇಲ್ಲಿನ ಬ್ಯಾಂಕಿನಿಂದ ಸಂಬಳದ ಮೇಲೆ ಸಾಲ ತೆಗೆದು ಊರಿನ ಫ್ಲಾಟಿಗೆ ಮುಂಗಡ ಕಟ್ಟುವುದು, ಉಳಿದದ್ದಕ್ಕೆ ಊರಿನ ಬ್ಯಾಂಕಿನಲ್ಲಿ ಗೃಹಸಾಲ. ‘ಕೊನೆಗೆ ಗ್ರಾಚ್ಯುಟಿ ಬರ್ತದಲ್ಲ, ಕಟ್ಟಿ ಮುಗಿಸುವ’ ಎಂಬ ಧೈರ್ಯ. ಆದರೆ ಕೆಲಸ ಹೋದ ದಿನ ಆ ಗಂಟನ್ನು ಮೊದಲು ಹಿಡಿದುಕೊಳ್ಳುವುದು ಇಲ್ಲಿನ ಬ್ಯಾಂಕು. “ಅದು ನಿನ್ನ ದುಡ್ಡಲ್ಲ ಮಾರಾಯ, ಬ್ಯಾಂಕಿನ ದುಡ್ಡು ನಿನ್ನ ಹೆಸರಲ್ಲಿ ಮಲಗಿದೆ, ಅಷ್ಟೆ,” ಎಂದು ಅಂಕಲ್ ಎಷ್ಟು ಜನರಿಗೆ ಹೇಳಿದರೋ. ಕೇಳಿದವರು ಕಡಿಮೆ.

ಕೇಳದವರಲ್ಲಿ ವಸಂತ ಒಬ್ಬ. ನನ್ನ ಗಂಡನ ಜೊತೆ ಕೆಲಸ ಮಾಡಿದವನು, ಕಾರ್ಕಳದ ಕಡೆಯವನು. ಅವನ ಕಂಪನಿಯ ಪ್ರಾಜೆಕ್ಟ್ ಮುಗಿಯಿತು, ಕೆಲಸ ಹೋಯಿತು, ಗ್ರಾಚ್ಯುಟಿ ಇಲ್ಲಿನ ಸಾಲಕ್ಕೆ ಜಮೆಯಾಯಿತು. ಊರಿನ ಗೃಹಸಾಲದ ಕಂತು ತಪ್ಪಿ ತಪ್ಪಿ, ಬಡ್ಡಿ ಸೇರಿ, ಮಂಗಳೂರಿನ ಅವನ ಫ್ಲಾಟಿನ ಬೆಲೆಗಿಂತ ಸಾಲವೇ ಹೆಚ್ಚಾಯಿತು. ವೀಸಾ ರದ್ದಾಗಿ ದೇಶ ಬಿಡುವ ದಿನ ಹತ್ತಿರ ಬಂದಿತ್ತು. ಆಗ ಮಂಗಳೂರಿನ ಬ್ರೋಕರ್ ಒಬ್ಬ ಅವನಿಗೆ, ‘ಬ್ಯಾಂಕು ಒಪ್ಪಿದೆ, ಶಾರ್ಟ್ ಸೇಲ್ ಮಾಡಿಬಿಡುವ’ ಎಂದ. ವಸಂತ ಬಂದು ನಮಗೆ ಹೇಳಿದ. ನಾವು ಕೊಳ್ಳುತ್ತೇವೆ ಎಂದೆವು.

ನಾನು ಯಾಕೆ ಅಷ್ಟು ಹಾತೊರೆದೆ ಎಂಬುದನ್ನು ಹೇಳಬೇಕು. ಮದುವೆಯಾಗಿ ಹೋದದ್ದು ಮೂವರು ಓರಗಿತ್ತಿಯರಿದ್ದ ಮನೆಗೆ. ಅಲ್ಲಿಂದ ಬಂದದ್ದು ಬಿನ್ ಮಹಮೂದ್‌ನ ಹಳೇ ಬಿಲ್ಡಿಂಗಿಗೆ, ಒಂದೇ ಫ್ಲಾಟಿನಲ್ಲಿ ನಾವೊಂದು ಸಂಸಾರ, ಕೇರಳದವರದ್ದೊಂದು ಸಂಸಾರ. ಒಲೆಯಲ್ಲಿ ಎರಡು ಬರ್ನರ್ ನಮ್ಮದು, ಎರಡು ಅವರದ್ದು. ಅವರು ಒಳ್ಳೆಯವರೇ, ಜಗಳವಿಲ್ಲ. ಆದರೆ ನನ್ನ ಮಗಳು ಹಸಿವೆ ಎಂದರೆ ನಾನು ಮೊದಲು ಗಡಿಯಾರ ನೋಡಬೇಕು, ಈಗ ಅಡುಗೆಮನೆ ಯಾರದ್ದು ಎಂದು. ನನಗೆ ಬೇಕಿದ್ದದ್ದು ಬಂಗಲೆಯಲ್ಲ. ನನ್ನದು ಅನ್ನುವ ಒಂದು ಅಡುಗೆಮನೆ. ಅದಕ್ಕೆ ಕಪಾಟು, ಡ್ರಾಯರ್ ಎಲ್ಲ ಮಾಡಿಸಲು ಒಂದಿಷ್ಟು ಬೇರೆಯೇ ಎತ್ತಿಟ್ಟಿದ್ದೆ. ಆ ದುಡ್ಡಿಗೆ ಗಂಡನೂ ಕೈ ಹಾಕುತ್ತಿರಲಿಲ್ಲ.

ಮಾತು ಕೊಟ್ಟ ಮೇಲೆ ಶಾಸ್ತ್ರಕ್ಕೆಂದು ಅಂಕಲ್ ಕಾರಿಗೆ ಹೋದೆವು. ನಾನು ಮುಂದೆ, ಇವರು ಮತ್ತು ವಸಂತ ಹಿಂದೆ. ಚಹಾ ಬಂತು.

“ಶಾರ್ಟ್ ಸೇಲ್ ಅಂಕಲ್,” ಎಂದರು ನನ್ನ ಗಂಡ. “ವಸಂತನಿಗೆ ಟೈಮಿಲ್ಲ. ಬೇಗ ಬೇಗ ಮುಗಿಸ್ಬೇಕು.”

ಅಂಕಲ್ ಚಹಾದ ಲೋಟ ಕೆಳಗಿಟ್ಟರು. “ಶಾರ್ಟ್ ಅಂದ್ರೆ ಎಂತ ಅಂತ ಮಾಡಿದ್ದಿ?”

“ಬೇಗ ಮಾರೂದು. ಶಾರ್ಟ್ ಟೈಮಲ್ಲಿ.”

“ನೀನು?” ಎಂದು ನನ್ನನ್ನು ಕೇಳಿದರು. ನಾನೂ ಹಾಗೇ ತಿಳಿದಿದ್ದೆ. ವಸಂತನನ್ನು ಕೇಳಿದರು. ಮಾರುವವನೂ ಹಾಗೇ ತಿಳಿದಿದ್ದ. ಅಂಕಲ್ ನಗಲಿಕ್ಕೆ ಶುರು ಮಾಡಿದರು. ಕನ್ನಡಕ ತೆಗೆದು, ಕೂಡಿಟ್ಟ ಟಿಶ್ಯೂಗಳಲ್ಲಿ ಒಂದನ್ನು ಖರ್ಚು ಮಾಡಿ ಕಣ್ಣೊರೆಸಿಕೊಂಡರು.

“ಮೀನಿನ ದಕ್ಕೆಯಲ್ಲಿ ಬೆಳಿಗ್ಗೆ ಸಾಲ ಮಾಡಿ ನೂರು ರೂಪಾಯಿಗೆ ಬಂಗುಡೆ ತಗೊಂಡ್ಯಾ, ಸಂಜೆಗೆ ಅದು ಎಂಬತ್ತಕ್ಕೆ ಹೋಯ್ತು. ಸಾಲ ಕೊಟ್ಟವನಿಗೆ ಇಪ್ಪತ್ತು ಶಾರ್ಟ್. ಅದು ಶಾರ್ಟ್ ಸೇಲ್. ಬೇಗ ಅಲ್ಲ ಮಾರಾಯ್ತಿ, ಕಡಿಮೆ. ಬ್ಯಾಂಕಿಗೆ ಕಡಿಮೆ ಬೀಳೂದು.” ಹಿಂದೆ ತಿರುಗಿ ವಸಂತನನ್ನು ನೋಡಿದರು. “ಆ ಇಪ್ಪತ್ತು ಉಳೀತಲ್ಲ, ಉಳಿದದ್ದು ಯಾರ ತಲೆಗೆ?”

“ಫ್ಲಾಟ್ ಮಾರಿದ ಮೇಲೆ ಖಲಾಸ್ ಅಂತ ಹೇಳಿದ್ರು,” ಎಂದ ವಸಂತ.

“ಯಾರು? ಬ್ಯಾಂಕಾ?”

“ಬ್ರೋಕರ್.”

“ಅವನ ಕಮಿಷನ್ ಬಂದ್ರೆ ಅವನಿಗೆ ಖಲಾಸ್. ಬ್ಯಾಂಕಿಗೆ ಫೋನ್ ಹಚ್ಚು.”

ಶುಕ್ರವಾರ ನಮಗೆ ರಜೆ, ಊರಿನ ಬ್ಯಾಂಕಿಗೆ ಕೆಲಸದ ದಿನ. ಅಂಕಲ್ ಶುಕ್ರವಾರವನ್ನೇ ಹಿಡಿದುಕೊಂಡು ಕೂತಿದ್ದದ್ದು ಅದಕ್ಕೂ ಹೌದು. ವಸಂತ ಸ್ಪೀಕರಿನಲ್ಲಿಟ್ಟು ಮಾತಾಡಿದ. ಬ್ಯಾಂಕಿನ ಹೆಂಗಸು ಸಮಾಧಾನದಿಂದಲೇ ಹೇಳಿದರು: “ಒಪ್ಪಿದ ಅಮೌಂಟ್ ಬಂದ್ರೆ ಫ್ಲಾಟಿನ ಪತ್ರ ಬಿಟ್ಟುಕೊಡ್ತೇವೆ ಸರ್.”

ಅಂಕಲ್ ಬೆರಳಿನಿಂದ ಸನ್ನೆ ಮಾಡಿದರು. ವಸಂತ ಕೇಳಿದ, “ಮೇಡಂ, ಉಳಿದದ್ದು?”

“ಅದು ನಿಮ್ಮ ಹೆಸರಲ್ಲಿ ಬಾಕಿ ಇರ್ತದೆ. ನೀವು ಕಟ್ಟದಿದ್ರೆ ಗ್ಯಾರಂಟರ್ ಇದ್ದಾರಲ್ಲ, ಅವರಿಗೆ ನೋಟೀಸ್ ಹೋಗ್ತದೆ.”

ಗ್ಯಾರಂಟರ್ ವಸಂತನ ತಂಗಿ ಸುಜಾತ. ಕಾರ್ಕಳದ ಹತ್ತಿರ ಸರಕಾರಿ ಶಾಲೆಯಲ್ಲಿ ಟೀಚರ್. “ಅವಳು ಸೈನ್ ಮಾತ್ರ ಹಾಕಿದ್ದು ಅಂಕಲ್,” ಎಂದ ವಸಂತ. ‘ಸೈನ್ ಮಾತ್ರ’ ಎಂಬ ಮಾತು ನಮ್ಮಲ್ಲಿ ಎಲ್ಲ ಮನೆಗಳಲ್ಲೂ ಇದೆ, ಅಣ್ಣ ಗಲ್ಫಿನಲ್ಲಿದ್ದಾನೆ ಎಂದರೆ ತಂಗಿ ಕೇಳದೆ ಸಹಿ ಹಾಕುತ್ತಾಳೆ.

ನನಗೆ ಸಿಟ್ಟು ಬಂತು. ವಸಂತನ ಮೇಲಲ್ಲ, ಅಂಕಲ್ ಮೇಲೆ. ಅವರು ಆ ಒಂದು ಪ್ರಶ್ನೆ ಕೇಳದೆ ಇದ್ದಿದ್ದರೆ ಫ್ಲಾಟು ನಮ್ಮದಾಗಿರುತ್ತಿತ್ತು. ವಸಂತ ಇಳಿದು ಹೋದ ಮೇಲೆ ಕೇಳಿಯೇಬಿಟ್ಟೆ, “ಅಂಕಲ್, ನೀವು ನಮ್ಮ ಕಡೆಯವರಾ, ಅವನ ಕಡೆಯವರಾ?”

“ನಿನ್ನ ಕಡೆ. ಅದಕ್ಕೇ ಕೇಳಿದ್ದು,” ಎಂದರು. “ಕಡಿಮೆಗೆ ತಗೊಳ್ಳೂದು ತಪ್ಪಲ್ಲ. ನಾನೇ ಎಷ್ಟು ತಗೊಂಡಿದ್ದೇನೆ. ಆದ್ರೆ ಕಡಿಮೆ ಬಿದ್ದದ್ದು ಎಲ್ಲಿ ಹೋಗಿ ಬೀಳ್ತದೆ ಅಂತ ನೋಡ್ಬೇಕು. ಬ್ಯಾಂಕಿನ ಮೇಲೆ ಬಿದ್ರೆ ಬೀಳ್ಲಿ, ಅವರಿಗೆ ಅಂಥದ್ದು ನೂರು ಉಂಟು. ಟೀಚರ್ ಮೇಲೆ ಬೀಳ್ತದೆ ಅಂತ ಗೊತ್ತಾದ ಮೇಲೆ ತಗೊಂಡ್ರೆ, ಮಂಗಳೂರು ಎಷ್ಟು ದೊಡ್ಡದುಂಟು? ಮೀನು ಮಾರ್ಕೆಟಲ್ಲಿ ಸಿಗ್ತಾರೆ, ಮದುವೆ ಹಾಲಲ್ಲಿ ಸಿಗ್ತಾರೆ. ನೀನು ಮುಖ ತಿರುಗಿಸಿ ತಿರುಗಿಸಿ ಎಷ್ಟು ವರ್ಷ ನಡೀತೀ?”

ಆಮೇಲೆ ತಮ್ಮ ಯೋಜನೆ ಹೇಳಿದರು. ಕಡಿಮೆ ಬಿದ್ದದ್ದನ್ನು ಮೂರು ಪಾಲು ಮಾಡುವುದು. ಒಂದು ಪಾಲು ಬ್ಯಾಂಕು ಬಿಡಬೇಕು. ಒಂದು ವಸಂತ ಹೊರಬೇಕು. ಒಂದು ನಾವು, ಒಪ್ಪಿದ ಬೆಲೆಯ ಮೇಲೆ ಸೇರಿಸಿ ಕೊಡಬೇಕು. ಅದಕ್ಕೆ ಬದಲಾಗಿ, ಸಾಲ ಪೂರ್ತಿ ತೀರಿತು, ಜಾಮೀನು ನಿಂತವರೂ ಬಿಡುಗಡೆ ಎಂದು ಬ್ಯಾಂಕು ಬರೆದು ಕೊಡಬೇಕು.

ನಮ್ಮ ಪಾಲು ಎಷ್ಟಾಗುತ್ತದೆಂದು ಇವರು ಲೆಕ್ಕ ಹಾಕಿದರು. ನಾನು ಅಡುಗೆಮನೆಗೆ ಎತ್ತಿಟ್ಟಿದ್ದದ್ದೆಲ್ಲ ಅದಕ್ಕೇ ಹೋಗುತ್ತಿತ್ತು.

“ಆಗೂದಿಲ್ಲ,” ಎಂದೆ. “ಯಾರದ್ದೋ ತಂಗಿ ಸೈನ್ ಹಾಕಿದ್ದಕ್ಕೆ ನಾನ್ಯಾಕೆ ಕೊಡ್ಬೇಕು? ನನ್ನನ್ನು ಕೇಳಿ ಹಾಕಿದ್ದಾ?”

ಅಂಕಲ್ ವಾದಿಸಲಿಲ್ಲ. “ಹೌದು, ನೀನು ಕೊಡ್ಬೇಕು ಅಂತ ಕಾನೂನಿಲ್ಲ,” ಎಂದರು. “ಹಾಗಾದ್ರೆ ಬಿಡು, ಕೊಳ್ಬೇಡ. ಬೇರೆ ನೋಡುವ.” ಕಾರಿನ ಗೇರ್ ಹಾಕಿದರು. ನಾವು ಇಳಿದೆವು. ಅವರು ದುಖಾನ್ ಕಡೆ ಹೋದರು. ಮನೆಗೆ ಬಂದು ನಾನು ಪಾತ್ರೆಗಳನ್ನು ಎಷ್ಟು ಜೋರಾಗಿ ತೊಳೆದೆನೆಂದರೆ, ಪಕ್ಕದ ಕೋಣೆಯ ಕೇರಳದ ಚೇಚಿ ಬಂದು ಎಂತಾಯಿತು ಎಂದು ಕೇಳಿ ಹೋದರು.

ಆ ವಾರದ ನಡುವೆ ಊರಿನಿಂದ ನನಗೊಂದು ಫೋನ್ ಬಂತು. “ಅಕ್ಕ, ನಾನು ಸುಜಾತ, ವಸಂತಣ್ಣನ ತಂಗಿ,” ಎಂದಿತು ಆ ಕಡೆಯ ಸ್ವರ. ಬೈಯಲಿಕ್ಕೆ ಮಾಡಿದ್ದಾಳೆ ಎಂದುಕೊಂಡು ನಾನೂ ಸೊಂಟ ಕಟ್ಟಿದೆ.

“ನೀವು ಫ್ಲಾಟ್ ಬೇಡ ಅಂದ್ರಂತೆ. ಹಾಗೆ ಮಾಡ್ಬೇಡಿ ಅಕ್ಕ. ಅಣ್ಣ ಅಲ್ಲಿಂದ ಹೊರಡುವಷ್ಟರಲ್ಲಿ ಇದೊಂದು ಮುಗೀಲಿ. ಬಾಕಿ ಉಳಿದದ್ದು ನಾನು ಸಂಬಳದಲ್ಲಿ ಕಟ್ತಾ ಬರ್ತೇನೆ. ನನಗೆ ರಿಟೈರ್ ಆಗ್ಲಿಕ್ಕೆ ತುಂಬಾ ವರ್ಷ ಉಂಟು.”

ಏನಾದರೂ ಹೇಳಬೇಕಲ್ಲ ಎಂದು, ಫ್ಲಾಟು ಯಾವ ದಿಕ್ಕಿಗಿದೆ, ಅಡುಗೆಮನೆಗೆ ಗಾಳಿ ಬರುತ್ತದಾ ಎಂದು ಕೇಳಿದೆ.

“ಗೊತ್ತಿಲ್ಲ ಅಕ್ಕ,” ಎಂದಳು. “ನಾನು ಒಳಗೆ ನೋಡಿಲ್ಲ. ಅಣ್ಣ ಬಂದಾಗ ಒಟ್ಟಿಗೆ ಹೋಗುವ ಅಂತ ಇತ್ತು.”

ಫೋನಿಟ್ಟ ಮೇಲೆ ನಾನು ಗಂಡನಿಗೆ ಹೇಳಿದೆ, ಅಂಕಲ್‌ಗೆ ಹೇಳಿ, ನಮ್ಮ ಪಾಲು ಕೊಡುತ್ತೇವೆ ಎಂದು. ಸಂತೋಷದಿಂದ ಹೇಳಿದೆನೆಂದು ಯಾರೂ ತಿಳಿಯಬೇಡಿ. ಹೊಟ್ಟೆ ಉರಿಯುತ್ತಿತ್ತು. ಆದರೆ ಆ ಹುಡುಗಿಯ ಸ್ವರ ಕೇಳಿದ ಮೇಲೆ ಅವಳ ಸಂಬಳದ ಮೇಲೆ ನಾನು ಅಡುಗೆ ಮಾಡಲಾರೆ.

ಮುಂದಿನ ಶುಕ್ರವಾರಗಳಲ್ಲಿ ಅಂಕಲ್ ಬ್ಯಾಂಕಿನ ಜೊತೆ ನಡೆಸಿದ ಚೌಕಾಸಿ ನೋಡುವಂತಿತ್ತು. ನಮ್ಮ ಅಮ್ಮಂದಿರು ಮೀನಿಗೆ ಮಾಡುತ್ತಾರಲ್ಲ, ಬುಟ್ಟಿ ಬಿಟ್ಟು ನಾಲ್ಕು ಹೆಜ್ಜೆ ಹೋಗಿ ಮತ್ತೆ ತಿರುಗಿ ಬರುವುದು, ಹಾಗೆ. “ಸರಿ ಮೇಡಂ, ನೀವು ಹರಾಜಿಗೇ ಹಾಕಿ, ನಮ್ಮ ಪಾರ್ಟಿ ಬೇರೆ ನೋಡ್ತಾರೆ,” ಎಂದು ಫೋನಿಡುವುದು. ಒಂದು ಚಹಾ ಕುಡಿಯುವುದು. ಮತ್ತೆ ತಾವೇ ಫೋನ್ ಮಾಡಿ, “ಹರಾಜಿಗೆ ಖರ್ಚು ಎಷ್ಟು ಬೀಳ್ತದೆ ಅಂತ ನೋಡಿದ್ರಾ?” ಎಂದು ನಯವಾಗಿ ಕೇಳುವುದು. ಬ್ಯಾಂಕು ಕೊನೆಗೆ ಒಪ್ಪಿತು. ಆದರೆ ದುಡ್ಡೆಲ್ಲ ಒಂದೇ ಸಲ ಬರಬೇಕೆಂದಿತು. ವಸಂತನ ಹತ್ತಿರ ಟಿಕೆಟಿಗೆ ಬಿಟ್ಟರೆ ಬೇರೇನಿರಲಿಲ್ಲ.

ವಸಂತನ ಪಾಲನ್ನು ಅಂಕಲ್ ಕೊಟ್ಟರು. ನಾವು ಬಾಯಿ ಬಿಟ್ಟುಕೊಂಡು ನೋಡಿದೆವು, ಟಿಶ್ಯೂ ಕಾಗದ ಕೂಡಿಡುವ ಮನುಷ್ಯ. ನನ್ನ ಗಂಡ ಭಾವುಕರಾಗಿ ಏನೋ ಹೇಳಹೊರಟರು. “ಸುಮ್ಮನಿರು ಮಾರಾಯ, ಬಡ್ಡಿಗೆ ಕೊಟ್ಟದ್ದು,” ಎಂದು ಬಾಯಿ ಮುಚ್ಚಿಸಿದರು. ನಿಜವಾಗಿಯೂ ಬಡ್ಡಿಗೆ. ವಸಂತ ಊರಿಗೆ ಹೋಗಿ, ಆಮೇಲೆ ಮಸ್ಕತ್ತಿನಲ್ಲಿ ಕೆಲಸ ಹಿಡಿದು, ತಿಂಗಳು ತಿಂಗಳು ಬಡ್ಡಿಸಹಿತ ತೀರಿಸಿದ, ಅಂಕಲ್ ಒಂದು ಪೈಸೆ ಬಿಡದೆ ತೆಗೆದುಕೊಂಡರು. ನಾನೊಮ್ಮೆ ಕೇಳಿದ್ದೆ, ಆ ಬಡ್ಡಿಯನ್ನಾದರೂ ಬಿಡಬಾರದಿತ್ತಾ ಅಂಕಲ್ ಎಂದು. “ಧರ್ಮಕ್ಕೆ ಕೊಟ್ರೆ ಅವನು ನನ್ನನ್ನು ಕಂಡಲ್ಲಿ ಅಡಗಿ ಕೂತುಕೊಳ್ತಾನೆ,” ಎಂದರು. “ಬಡ್ಡಿ ಕೊಟ್ಟವ ಎದುರು ಬಂದು ಮಾತಾಡ್ತಾನೆ. ಮತ್ತೆ ನನಗೂ ಲಾಭ ಬೇಡ್ವಾ? ನಾನು ಎಂತ ಸಂತನಾ?”

ಸಂತರಲ್ಲ, ಅದು ನಿಜ. ಅವರ ಸಲಹೆ ಕೇಳಿ ಕೈ ಸುಟ್ಟುಕೊಂಡವರೂ ಒಂದಿಬ್ಬರಿದ್ದಾರೆ. ಒಂದು ಸೈಟಿನ ವಿಷಯದಲ್ಲಿ ಅವರೇ ತಪ್ಪು ಅಂದಾಜು ಮಾಡಿ, ಆ ಜಾಗಕ್ಕೆ ರಸ್ತೆಯೇ ಇಲ್ಲದ್ದು ಆಮೇಲೆ ತಿಳಿದು, ಕೊಂಡವನು ಕರಕ್ ಅಂಗಡಿಯ ಎದುರೇ ಕೂಗಾಡಿದ್ದ. ಅಂಕಲ್ ಗಾಜು ಇಳಿಸಿ ಪೂರ್ತಿ ಕೇಳಿಸಿಕೊಂಡು, “ಹೌದು, ನಾನು ಹೋಗಿ ನೋಡ್ದೆ ಹೇಳಿದೆ,” ಎಂದರು. ಅಲ್ಲಿಂದ ಮೇಲೆ, ತಾವು ಕಾಲಿಟ್ಟು ನೋಡದ ಜಾಗದ ಬಗ್ಗೆ ಕಾಗದ ಎಷ್ಟು ಚಂದವಿದ್ದರೂ ಬಾಯಿ ಬಿಡುತ್ತಿರಲಿಲ್ಲ. ರಜೆಗೆ ಊರಿಗೆ ಹೋದರೆ ಅರ್ಧ ರಜೆ ಬೇರೆಯವರ ಸೈಟು ಸುತ್ತುವುದರಲ್ಲೇ ಹೋಗುತ್ತಿತ್ತಂತೆ. ಅವರ ಹೆಂಡತಿ ಇದನ್ನು ಹೇಳುವಾಗ ನಗುತ್ತಿರಲಿಲ್ಲ.

ನಮ್ಮ ಹೆಸರಿಗೆ ಫ್ಲಾಟು ರಿಜಿಸ್ಟರ್ ಆಯಿತು. ಇಲ್ಲಿಂದ ಅಧಿಕಾರಪತ್ರ ಕಳಿಸಿ ನನ್ನ ಅಣ್ಣನ ಕೈಯಲ್ಲಿ ಮಾಡಿಸಿದೆವು. ಬ್ಯಾಂಕಿನ ಬಿಡುಗಡೆಯ ಪತ್ರ ಸುಜಾತಳ ಕೈಗೆ ಸಿಕ್ಕಿತು. ನಾವು ಕೊನೆಗೂ ಬೇಸಗೆ ರಜೆಯಲ್ಲಿ ಊರಿಗೆ ಹೋಗಿ ಮನೆಯ ಬಾಗಿಲು ತೆಗೆದಾಗ ಅಡುಗೆಮನೆಯಲ್ಲಿ ಇದ್ದದ್ದು ಒಂದು ಕಡಪ ಕಲ್ಲಿನ ಕಟ್ಟೆ ಮತ್ತು ಒಂದು ನಲ್ಲಿ. ಕಪಾಟಿಲ್ಲ, ಡ್ರಾಯರಿಲ್ಲ. ಗೋಡೆಯ ಉದ್ದಕ್ಕೆ ಪಾತ್ರೆಗಳನ್ನು ನೆಲದ ಮೇಲೆ ಜೋಡಿಸಿದೆ. ಕಟ್ಟೆಯ ಮೇಲೆ ಹೊಸ ಒಲೆ ಇಟ್ಟೆ, ಅದರ ಬರ್ನರ್‌ಗಳೆಲ್ಲ ನನ್ನವು. ಎಲ್ಲವನ್ನೂ ಒಟ್ಟಿಗೆ ಹೊತ್ತಿಸಿ ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಾ ನಿಂತೆ. ನನ್ನ ಮಗಳು, “ಅಮ್ಮಾ, ಯು ಆರ್ ವೇಸ್ಟಿಂಗ್ ಗ್ಯಾಸ್,” ಎಂದಳು.

ಸುಜಾತಳನ್ನು ಊಟಕ್ಕೆ ಕರೆದಿದ್ದೆ. ಬರುವುದಿಲ್ಲವೇನೋ ಎಂದುಕೊಂಡಿದ್ದೆ. ಮಧ್ಯಾಹ್ನ ಬಸ್ಸಿಳಿದು ಬಂದಳು, ಕೈಯಲ್ಲಿ ಒಂದು ಹಲಸಿನ ಹಪ್ಪಳದ ಕಟ್ಟು. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಸ್ವಲ್ಪ ನಿಂತಳು. ಆಮೇಲೆ ಒಳಗೆ ಬಂದು ಒಂದೊಂದೇ ಕೋಣೆ ನೋಡಿದಳು, ಗೋಡೆ ಮುಟ್ಟಿದಳು, ಬಾಲ್ಕನಿಗೆ ಹೋಗಿ ಕೆಳಗೆ ಬಗ್ಗಿದಳು. “ಇಷ್ಟು ಬೆಳಕುಂಟಾ ಅಕ್ಕ,” ಎಂದಳು. ಅವಳ ಕಣ್ಣು ತುಂಬಿತ್ತು, ನನ್ನದೂ ತುಂಬಿತು. ಮೇಜಿಲ್ಲದ್ದರಿಂದ ಅಡುಗೆಮನೆಯ ನೆಲದಲ್ಲೇ ಕೂತು ಎಲ್ಲರೂ ಉಂಡೆವು. ಅವಳು ಎರಡನೇ ಸಲ ಸಾರು ಹಾಕಿಸಿಕೊಂಡಳು.

ಸಂಜೆ ದುಖಾನ್‌ಗೆ ಫೋನ್ ಮಾಡಿದೆ. ಅಂಕಲ್ ಆಗ ಇನ್ನೂ ಕೆಲಸದಲ್ಲಿದ್ದರು, ನಿವೃತ್ತಿಗೆ ಸ್ವಲ್ಪ ಕಾಲವಿತ್ತು. ಮನೆ ಹೇಗಿದೆ, ಬಣ್ಣ ಹೇಗಿದೆ, ನೀರು ಬರುತ್ತದಾ, ಈಗ ಎಷ್ಟು ಬೆಲೆ ಬಾಳುತ್ತದೆ ಎಂದು ಕೇಳುತ್ತಾರೆಂದು ಉತ್ತರಗಳನ್ನು ತಯಾರು ಮಾಡಿಕೊಂಡಿದ್ದೆ. ಅದ್ಯಾವುದನ್ನೂ ಕೇಳಲಿಲ್ಲ.

“ಟೀಚರ್ ಬಂದ್ರಾ?” ಎಂದರು.

“ಬಂದ್ರು ಅಂಕಲ್.”

“ಒಳಗೆ ಬಂದ್ರಾ, ಬಾಗಿಲಲ್ಲೇ ನಿಂತು ಹೋದ್ರಾ?”

“ಒಳಗೆ ಬಂದ್ರು. ಕೂತು ಊಟ ಮಾಡಿ ಹೋದ್ರು.”



“ಹಾಗಾದ್ರೆ ಈಗ ರಿಜಿಸ್ಟರ್ ಆಯ್ತು,” ಎಂದು ಫೋನಿಟ್ಟರು.